ಜಾರಬೇಕಿದ್ದ ಜೋಡಣೆ

ಕಲ್ಲಿದ್ದಲು ಗಣಿಯಿಂದ ವಾಪಸ್ ಬಂದ ಉಕ್ಕಿನ ಕಮಾನುಗಳನ್ನು ತುರ್ಭೆಯ ನಮ್ಮ ಶೆಡ್ಡಿನ ಅಂಗಳದಲ್ಲಿ ಇಳಿಸಿದಾಗ ಬೆಳಗಿನ ಹತ್ತು ಗಂಟೆ. ಒಟ್ಟು ಏಳಿದ್ದವು. ನಾನು ಬಿಡಿಸಿದ ನಕ್ಷೆಯಲ್ಲಿ ಅವು ಕುದುರೆ ಲಾಳದ ಆಕಾರದಲ್ಲಿದ್ದವು. ಲಾರಿಯಿಂದ ಇಳಿದವಕ್ಕೆ ಆಕಾರವೇ ಇರಲಿಲ್ಲ. ಒಂದರ ಕಾಲು ಹಿಂದಕ್ಕೆ ಮಡಚಿಕೊಂಡಿತ್ತು. ಇನ್ನೊಂದರ ನೆತ್ತಿ ಸೀಳಿ, ಸೀಳಿದ ಅಂಚು ಎಣ್ಣೆ ಡಬ್ಬಿಯ ಮುಚ್ಚಳ ಕತ್ತರಿಸಿದ ಹಾಗೆ ಹೊರಕ್ಕೆ ತಿರುಗಿತ್ತು. ಮೂರನೆಯದರ ಒಳಮೈಗೆ ಕಪ್ಪಗೆ ಏನೋ ಒಣಗಿ ಅಂಟಿಕೊಂಡಿತ್ತು, ಅದರೊಳಗೆ ಖಾಕಿ ಬಟ್ಟೆಯ ಒಂದು ಪಟ್ಟಿ. ಗ್ರೀಸ್ ಇರಬೇಕೆಂದು ಬೆರಳಿಟ್ಟೆ. ಗ್ರೀಸ್ ಆಗಿರಲಿಲ್ಲ.

"ಮುಟ್ಟಬ್ಯಾಡ್ರೀ ಮ್ಯಾಡಮ್," ಎಂದು ಹಿಂದಿನಿಂದ ನಮ್ಮ ಫಿಟ್ಟರ್ ಹೇಳಿದರು. "ತೊಳಿಯೂದೂ ಬ್ಯಾಡ ಅಂದಾನ ಅಂವ."

ಹಾಗೆ ಅಂದವನು ಲಾರಿಯ ಹಿಂದಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದ. ಮೂವತ್ತೈದರ ಆಸುಪಾಸಿನ, ಕುಳ್ಳಗಿನ, ಅಗಲ ಭುಜದ ಮನುಷ್ಯ. ಗಣಿಯ ಸುರಂಗದಲ್ಲಿ ಕಮಾನು ನಿಲ್ಲಿಸುವುದು ಅವನ ಕೆಲಸ. ಅವನ ತಮ್ಮನೂ ಅದೇ ಕೆಲಸ ಮಾಡುತ್ತಿದ್ದ. ಸುರಂಗದ ಮೇಲ್ಭಾಗ ಕುಸಿದಾಗ ತಮ್ಮ ಈ ಮೂರನೆಯ ಕಮಾನಿನ ಕೆಳಗಿದ್ದ. ಕಲ್ಲು ಸರಿಸಿ ಅವನನ್ನು ಹೊರಗೆ ತೆಗೆದದ್ದು ಈ ಅಣ್ಣನೇ. ಎರಡು ಸಲಕ್ಕೆ ತೆಗೆದನಂತೆ. ಲಾರಿ ಡ್ರೈವರ್ ಫಿಟ್ಟರಿಗೆ ಹೇಳಿದ್ದನ್ನು ಫಿಟ್ಟರ್ ನನಗೆ ಹೇಳಿದರು. ಎರಡು ಸಲ ಅಂದರೇನೆಂದು ನಾನು ಕೇಳಿದೆ. ಅವರು ತಮ್ಮ ಸೊಂಟದ ಮೇಲೆ ಅಡ್ಡಕ್ಕೆ ಕೈ ಎಳೆದು ತೋರಿಸಿದರು.

ನಾನು ಡೊಂಬಿವಲಿಯಲ್ಲಿ ಹುಟ್ಟಿದವಳು. ಅಪ್ಪ ಉಡುಪಿ ಕಡೆಯಿಂದ ಬಂದು ಕಲ್ಯಾಣ ಸ್ಟೇಷನ್ ಬಳಿಯ ಒಂದು ಶಾಕಾಹಾರಿ ಹೋಟೆಲಿನ ಗಲ್ಲೆಯಲ್ಲಿ ಕೂತು ಆಯಸ್ಸು ಕಳೆದರು. ನೆರೂಳಿನ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದ ಮೇಲೆ ನನಗೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕೆಲಸ ಸಿಕ್ಕಿತು. ಗಣಿ ಸುರಂಗಗಳ ಚಾವಣಿಗೆ ಆಸರೆಯಾಗುವ ಉಕ್ಕಿನ ಕಮಾನುಗಳನ್ನು ವಿನ್ಯಾಸ ಮಾಡುವ ಸಣ್ಣ ಕಂಪನಿ. ಆಫೀಸು ವಾಗ್ಳೆಯಲ್ಲಿ, ಕಮಾನು ತಯಾರಾಗುವ ಶೆಡ್ಡು ತುರ್ಭೆಯಲ್ಲಿ. ಹದಿಮೂರು ವರ್ಷ ಅಲ್ಲಿ ಕೂತು ನೂರಾರು ಸುರಂಗಗಳಿಗೆ ಆಸರೆ ಬಿಡಿಸಿದೆ. ಆದರೆ ಒಂದನ್ನೂ ಕಣ್ಣಿಂದ ಕಂಡಿರಲಿಲ್ಲ. ಆ ವರ್ಷಗಳಲ್ಲಿ ಹೆಂಗಸರು ನೆಲದಡಿಯ ಗಣಿಗೆ ಕೆಲಸಕ್ಕೆ ಇಳಿಯುವಂತಿರಲಿಲ್ಲ, ಕಾನೂನೇ ಹಾಗಿತ್ತು.

ನನ್ನ ಪರವಾಗಿ ಇಳಿಯುತ್ತಿದ್ದವರು ಫಿಟ್ಟರ್. ವಿಜಯಪುರದ ಕಡೆಯವರು, ನನಗಿಂತ ಐದಾರು ವರ್ಷ ದೊಡ್ಡವರು. ಕಮಾನು ಹೊತ್ತ ಲಾರಿಯ ಜೊತೆ ಗಣಿಗೆ ಹೋಗಿ, ಮೊದಲ ನಾಲ್ಕೈದು ಕಮಾನು ನಿಲ್ಲಿಸುವುದನ್ನು ಅಲ್ಲಿನವರಿಗೆ ಕಲಿಸಿ ಬರುತ್ತಿದ್ದರು. ಬಂದು ಕನ್ನಡದಲ್ಲಿ ನನಗೆ ಎಲ್ಲ ಹೇಳುತ್ತಿದ್ದರು: ಕಲ್ಲು ಎಲ್ಲಿಂದ ಒತ್ತುತ್ತದೆ, ನೀರು ಎಲ್ಲಿ ಜಿನುಗುತ್ತದೆ, ಯಾವ ಬೋಲ್ಟಿಗೆ ಪಾನಾ ಹಾಕಲು ಕೈ ಹೋಗುವುದಿಲ್ಲ. ಅವರ ಮಾತು ಕೇಳಿ ನಾನು ನಕ್ಷೆ ತಿದ್ದುತ್ತಿದ್ದೆ. ಆಫೀಸಿನ ಬೇರೆಯವರಿಗೆ ನಮ್ಮ ಭಾಷೆ ತಿಳಿಯುತ್ತಿರಲಿಲ್ಲ. ಫಿಟ್ಟರರ ಕನ್ನಡವೂ ನನ್ನ ಕನ್ನಡವೂ ಒಂದೇ ಅಲ್ಲ, ಆದರೂ ಸಾಕಾಗುತ್ತಿತ್ತು.

ಈ ಕಮಾನಿನ ಬಗ್ಗೆ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದು ಮೂರು ತುಂಡುಗಳದು. ಎರಡು ಕಾಲು, ಒಂದು ನೆತ್ತಿ. ನೆತ್ತಿಯ ತುದಿಗಳು ಕಾಲುಗಳ ಒಳಗೆ ಒಂದು ಮೊಳದಷ್ಟು ಕೂತಿರುತ್ತವೆ. ಆ ಜಾಗವನ್ನು ಕ್ಲ್ಯಾಂಪು ಹಾಕಿ ಬೋಲ್ಟಿನಿಂದ ಬಿಗಿಯುತ್ತೇವೆ. ಮೇಲಿನ ಬಂಡೆ ಒತ್ತಿದಾಗ ನೆತ್ತಿ ಕಾಲೊಳಗೆ ಬೆರಳಷ್ಟು ಬೆರಳಷ್ಟೇ ಜಾರಬೇಕು. ಜಾರುವಾಗ ಕಿರುಗುಡುತ್ತದೆ, ಆ ಸದ್ದು ಕೇಳಿ ಕೆಳಗಿನವರು ಓಡಬಹುದು. ಬಂಡೆಯನ್ನು ಯಾವ ಉಕ್ಕೂ ತಡೆದು ನಿಲ್ಲಿಸಲಾರದು. ಮೆಲ್ಲಗೆ ಇಳಿಸಿಕೊಳ್ಳಬಹುದು, ಅಷ್ಟೇ.

ಆ ಬೆಳಿಗ್ಗೆ ನಾನು ಮೊದಲು ನೋಡಿದ್ದು ಆ ಜೋಡಣೆಯನ್ನೇ. ಏಳರಲ್ಲಿ ಏಳೂ ಕಮಾನುಗಳ ಜೋಡಣೆಗೆ ವೆಲ್ಡಿಂಗ್ ಹೊಡೆದಿದ್ದರು. ಎರಡೂ ಬದಿಗೆ, ಒಂದೊಂದು ಗೇಣುದ್ದ, ಅಚ್ಚುಕಟ್ಟಾದ ವೆಲ್ಡು. ನನ್ನ ನಕ್ಷೆಯಲ್ಲಿ ಅದು ಇರಲಿಲ್ಲ. ಜಾರಬೇಕಾದದ್ದನ್ನು ಯಾರೋ ಅಂಟಿಸಿಬಿಟ್ಟಿದ್ದರು. ಬಂಡೆ ಒತ್ತಿದೆ, ಕಮಾನು ಸದ್ದಿಲ್ಲದೆ ತಡೆದಿದೆ, ತಡೆದು ತಡೆದು ಒಂದೇ ಏಟಿಗೆ ಒಡೆದಿದೆ.

ನಾನು ತಲೆ ಎತ್ತಿ ಫಿಟ್ಟರನ್ನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ಆ ಫೋನು ನೆನಪಾಯಿತು.

ಅದಕ್ಕೂ ಐದು ತಿಂಗಳ ಹಿಂದಿನ ಮಾತು. ಡೊಂಬಿವಲಿಯಿಂದ ಠಾಣೆಗೆ ಹೋಗುವ ಬೆಳಗಿನ ಲೋಕಲ್, ಹೆಂಗಸರ ಡಬ್ಬಿ. ದಿವಾ ಸ್ಟೇಷನ್ ಬಂದಾಗ ಬಾಗಿಲ ಬಳಿ ಜಗಳ ಹತ್ತಿತು. ದಿವಾದಲ್ಲಿ ಹತ್ತುವವರಿಗೆ ಡೊಂಬಿವಲಿಯವರು ಜಾಗ ಬಿಡುವುದಿಲ್ಲ ಎಂಬ ಹಳೇ ಜಗಳ. ಒಬ್ಬಳು ಇನ್ನೊಬ್ಬಳ ಜಡೆ ಹಿಡಿದು ಕಬ್ಬಿಣದ ಕಂಬಕ್ಕೆ ಬಡಿದಳು, ಹಣೆಯಿಂದ ರಕ್ತ ಇಳಿಯಿತು. ಪೆಟ್ಟು ತಿಂದವಳು ಬಾಗಿ, ಹೊಡೆದವಳ ಮುಂಗೈಗೆ ಬಾಯಿ ಹಾಕಿ ಕಚ್ಚಿದಳು. ಯಾರದೋ ಮೊಣಕೈ ನನ್ನ ಪಕ್ಕೆಗೆ ಇಳಿದಿತ್ತು. ಅದೇ ಹೊತ್ತಿಗೆ ಫಿಟ್ಟರ್ ಫೋನು ಮಾಡಿದರು.

"ಸಾಹೇಬ್ರು ಜಾಯಿಂಟಿಗೆ ವೆಲ್ಡ್ ಹೊಡೀ ಅನ್ನಾಕತ್ತಾರ್ರೀ. ನಿಲ್ಲಿಸುವಾಗ ಜಾರ್ತಾವ ಅಂತ ಗಣಿಯವ್ರು ತಕರಾರ ಮಾಡ್ಯಾರಂತ. ಹೊಡೀಲೇನ್ರೀ?"

"ಹಾಂ ಹಾಂ, ಸಾಹೇಬರು ಹೇಳಿದ ಹಾಗೆ ಮಾಡಿ," ಎಂದು ಫೋನಿಟ್ಟೆ.

ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸುಳ್ಳು. ವೆಲ್ಡ್ ಅನ್ನುವ ಮಾತು ಕೇಳಿಸಿತ್ತು. ಆಫೀಸಿಗೆ ಹೋಗಿ ವಿಚಾರಿಸೋಣ ಎಂದುಕೊಂಡೆ. ಆಫೀಸು ತಲುಪುವಷ್ಟರಲ್ಲಿ ನನ್ನ ಪಕ್ಕೆ ನೋಯುತ್ತಿತ್ತು, ಕುರ್ತಾದ ತೋಳಿನ ಮೇಲೆ ಯಾರದೋ ರಕ್ತವಿತ್ತು, ಅದನ್ನು ತೊಳೆಯುತ್ತ ನಿಂತೆ. ಮರೆತೆ.

ಕಮಾನುಗಳು ಬಂದ ಮಧ್ಯಾಹ್ನವೇ, ಫಿಟ್ಟರ್ ಸಾಹೇಬರೆನ್ನುವ ನಮ್ಮ ಮಾಲೀಕ ತುರ್ಭೆಗೆ ಬಂದ. ಮೆತ್ತಗೆ ಮಾತಾಡುವ ಮನುಷ್ಯ. ಇಷ್ಟು ವರ್ಷಗಳಲ್ಲಿ ಅವನು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ತನ್ನ ಕ್ಯಾಬಿನ್ನಿಗೆ ನನ್ನನ್ನು ಕರೆದು, ವರದಿಯಲ್ಲಿ ವೆಲ್ಡಿನ ಮಾತೇ ಬರಬಾರದು ಎಂದ. ಬೋಲ್ಟುಗಳನ್ನು ಸಾಕಷ್ಟು ಬಿಗಿದಿರಲಿಲ್ಲ, ಹಾಗಾಗಿ ಕಮಾನು ಬಿತ್ತು, ಅಷ್ಟು ಬರೆದರೆ ಸಾಕು. ಬೋಲ್ಟು ಬಿಗಿದವನು ಯಾರು ಎಂದು ಕೇಳಿದೆ. ಸತ್ತವನೇ ಎಂದ. ಸತ್ತವನ ಅಣ್ಣ ಹೊರಗೆ ಕೂತಿದ್ದಾನೆ ಎಂದೆ. ಅದಕ್ಕೇ ಕ್ಯಾಬಿನ್ನಿನ ಬಾಗಿಲು ಹಾಕಿರುವುದು ಎಂದ.

ಮರುದಿನ ಪರೀಕ್ಷೆ. ಗಣಿಯವರು ಅಣ್ಣನನ್ನು ಕಳಿಸಿದ್ದೇ ಗಣಿಯ ಕಡೆಯ ಒಬ್ಬರ ಎದುರು ಪರೀಕ್ಷೆಯಾಗಲಿ ಎಂದು. ಶೆಡ್ಡಿನ ಮೂಲೆಯಲ್ಲಿ ದಪ್ಪ ತೊಲೆಗಳ ಒಂದು ಚೌಕಟ್ಟಿತ್ತು. ಅದರೊಳಗೆ ಕಮಾನಿನ ಜೋಡಣೆ ಇಟ್ಟು ಎಣ್ಣೆ ಪಂಪಿನ ಜಾಕಿಗಳಿಂದ ಒತ್ತುತ್ತಿದ್ದೆವು. ಸುತ್ತ ತಂತಿ ಜಾಲರಿ. ಮಾಲೀಕನ ಮಾತಿನಂತೆ ಹೊಸ ಕಮಾನು, ವೆಲ್ಡಿಲ್ಲದ್ದು, ಹಾಕಿದೆವು. ಒತ್ತಡ ತೋರಿಸುವ ಮುಳ್ಳು ಮೇಲೇರಿತು. ಜೋಡಣೆ ಕಿರ್ರೆಂದು ಕೂಗಿ ಬೆರಳಷ್ಟು ಜಾರಿತು, ನಿಂತಿತು, ಮತ್ತೆ ಕೂಗಿ ಮತ್ತೆ ಜಾರಿತು. ಹದಿಮೂರು ವರ್ಷ ಬಿಡಿಸಿದ್ದೆಲ್ಲ ಹಾಗೇ ನಡೆಯಿತು. ನೋಡಿದಿರಲ್ಲ, ಕಮಾನಿನಲ್ಲಿ ದೋಷವಿಲ್ಲ ಎಂದು ಮಾಲೀಕ ಅಣ್ಣನಿಗೆ ಹಿಂದಿಯಲ್ಲಿ ಹೇಳಿ, ಫೋನು ಬಂತೆಂದು ಕ್ಯಾಬಿನ್ನಿಗೆ ಹೋದ.

ಅಣ್ಣ ಅಂಗಳದ ರಾಶಿಯನ್ನು ತೋರಿಸಿ, ಅದರಿಂದ ಒಂದನ್ನು ಒತ್ತಿ ತೋರಿಸಿ ಎಂದ. ಯಾರ ಅಪ್ಪಣೆಗೂ ಕಾಯದೆ ಫಿಟ್ಟರ್ ಇಬ್ಬರನ್ನು ಕರೆದು, ಜೋಡಣೆ ಉಳಿದಿದ್ದ ಒಂದು ತುಂಡನ್ನು ಎಳೆಸಿ ತಂದು ಚೌಕಟ್ಟಿಗೆ ಇಟ್ಟರು. ಏನು ಕಾಣಲಿದೆ ಎಂದು ಅವರಿಗೆ ಗೊತ್ತಿತ್ತು. ಬೇಡ ಎಂದು ನಾನು ಹೇಳಬಹುದಿತ್ತು. ನನಗೂ ಅದನ್ನು ನೋಡಬೇಕಿತ್ತು.

ಮುಳ್ಳು ಏರಿತು. ಸದ್ದಿಲ್ಲ. ಹಿಂದಿನದು ಜಾರಿದ ಗೆರೆ ದಾಟಿತು. ಸದ್ದಿಲ್ಲ. ಅದರ ಇಮ್ಮಡಿಯ ಹತ್ತಿರ ಬಂದಾಗ ಫಿಟ್ಟರ್ ಎಲ್ಲರನ್ನೂ ಹಿಂದೆ ಸರಿಯಲು ಹೇಳಿದರು. ಅವರ ಮಾತು ಮುಗಿಯುವ ಮೊದಲೇ ಅದು ಸಿಡಿಯಿತು. ಅರ್ಧ ಕ್ಲ್ಯಾಂಪು ಜಾಲರಿ ಹರಿದು, ಗೋಡೆಯ ತಗಡು ತೂರಿಕೊಂಡು ಹೊರಗೆ ಹೋಗಿ, ಯಾರದೋ ಸ್ಕೂಟರಿನ ಸೀಟಿನಲ್ಲಿ ನಾಟಿತು. ನನ್ನ ಎಡಗಿವಿ ಆಮೇಲೆ ಎರಡು ದಿನ ಗುಂಯ್‌ಗುಟ್ಟುತ್ತಿತ್ತು.

ಹೊಗೆ, ಎಣ್ಣೆಯ ವಾಸನೆ. ಅಣ್ಣ ಜಾಲರಿ ದಾಟಿ ಒಳಗೆ ಹೋಗಿ ಒಡೆದ ತುಂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ವೆಲ್ಡಿನ ಮೇಲೆ ಹೆಬ್ಬೆರಳು ಎಳೆದ. ಅವನೂ ಇದೇ ಕೆಲಸದವನು, ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

"ಇಸ್‌ಮೇ ವೆಲ್ಡ್ ಕಿಸ್‌ನೇ ಮಾರಾ?" ಎಂದ. ಇದಕ್ಕೆ ವೆಲ್ಡ್ ಹೊಡೆದವರು ಯಾರು ಎಂಬ ಒಂದೇ ಪ್ರಶ್ನೆ. ಮೆಲ್ಲಗೇ ಕೇಳಿದ.

ಫಿಟ್ಟರ್ ನನ್ನ ಕಡೆ ನೋಡಿದರು. ಒಂದೇ ನೋಟ, ಬೇಡಿಕೆ ಇರಲಿಲ್ಲ ಅದರಲ್ಲಿ. ಮಾಲೀಕ ಹೇಳಿದ್ದು, ನಾನು ಒಪ್ಪಿದ್ದು, ಈ ಎರಡು ವಾಕ್ಯ ನನ್ನ ಬಾಯಲ್ಲಿ ಸಿದ್ಧವಾಗಿದ್ದವು. ನಾನು ನೆಲ ನೋಡಿದೆ.

"ಮೈನೇ," ಎಂದರು ಫಿಟ್ಟರ್. ನಾನೇ.

ಅಣ್ಣನ ಕೈಗೆ ಬೋಲ್ಟು ಬಿಗಿಯುವ ಉದ್ದ ಪಾನಾ ಹೇಗೆ ಬಂತೋ ನೋಡಲಿಲ್ಲ. ಮೊದಲ ಏಟು ಭುಜಕ್ಕೆ ಬಿತ್ತು, ಮೂಳೆ ಮುರಿದ ಸದ್ದು ಕೇಳಿಸಿತು. ಎರಡನೆಯದು ದವಡೆಗೆ. ಫಿಟ್ಟರ್ ಬೀಳಲಿಲ್ಲ, ಚೌಕಟ್ಟನ್ನು ಹಿಡಿದು ನಿಂತರು. ಬಾಯಿಂದ ರಕ್ತವೂ ಹಲ್ಲೂ ಕೂಡಿ ಅಂಗಿಯ ಮೇಲೆ ಇಳಿಯಿತು. ಕೈ ಅಡ್ಡ ಹಿಡಿಯಲಿಲ್ಲ. ಮೂರನೆಯ ಏಟಿಗೆ ಅವನು ಪಾನಾ ಎತ್ತಿದಾಗ ಶೆಡ್ಡಿನವರೆಲ್ಲ ಅವನ ಮೇಲೆ ಬಿದ್ದರು.

ಆಮೇಲೆ ನಡೆದದ್ದು ಮೊದಲಿನದಕ್ಕಿಂತ ಕೆಟ್ಟದ್ದು. ಹತ್ತು ಹನ್ನೆರಡು ಜನ, ನಾನು ಶೆಡ್ಡಿಗೆ ಬಂದಾಗಲೆಲ್ಲ ಜೊತೆಗೆ ಕೂತು ಚಹಾ ಕುಡಿಯುತ್ತಿದ್ದ ಜನ, ನೆಲಕ್ಕೆ ಬಿದ್ದ ಒಬ್ಬನನ್ನು ಸೇಫ್ಟಿ ಬೂಟಿನಿಂದ ಒದ್ದರು. ಆ ಬೂಟಿನ ಮೂತಿಯಲ್ಲಿ ಉಕ್ಕಿನ ಟೊಪ್ಪಿಗೆ ಇರುತ್ತದೆ. ಒಬ್ಬ ಪೈಪು ತಂದ. ಒದೆಯುವವರು ಮಾತಾಡುತ್ತಿರಲಿಲ್ಲ, ಕೆಲಸ ಮಾಡುವಾಗಿನಂತೆ ಬರೀ ಉಸಿರು ಬಿಡುತ್ತಿದ್ದರು. ಅಣ್ಣನ ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು. ಸಾಯುತ್ತಾನೆ ಎಂದು ನನಗೆ ಅನಿಸಿತು. ಕಾಲುಗಳ ಸಂದಿಯಲ್ಲಿ ನುಗ್ಗಿ ಅವನ ತಲೆಯ ಮೇಲೆ ಬಾಗಿದೆ. ಧೈರ್ಯದಿಂದ ಅಲ್ಲ. ಒಂದು ನಿಮಿಷದ ಹಿಂದೆ ಬಾಯಿ ಬಿಡದ ನಾನು ಈಗಲಾದರೂ ಏನಾದರೂ ಮಾಡಬೇಕಿತ್ತು. ಪೈಪು ನನ್ನ ಬಲ ಮಣಿಕಟ್ಟಿನ ಮೇಲೆ ಬಿತ್ತು. ನನ್ನ ಕಿರುಚು ಕೇಳಿ ಅವರು ನಿಂತರು. ಆ ಗದ್ದಲದ ನಡುವೆ ಕ್ಯಾಬಿನ್ನಿನ ಶಟರು ಎಳೆದುಕೊಂಡ ಸದ್ದು ಕೇಳಿಸಿತ್ತು. ಮಾಲೀಕ ಒಳಗಿದ್ದ.

ನೆರೂಳಿನ ಒಂದು ಆಸ್ಪತ್ರೆಗೆ ಮೂವರನ್ನೂ ಒಂದೇ ಟೆಂಪೋದಲ್ಲಿ ಹಾಕಿಕೊಂಡು ಹೋದರು. ಫಿಟ್ಟರ್ ಕೂತಿದ್ದರು, ಅಣ್ಣ ಅವರ ಕಾಲ ಬಳಿ ಮಲಗಿದ್ದ. ಟೆಂಪೋ ಹಳ್ಳಕ್ಕೆ ಇಳಿದಾಗಲೆಲ್ಲ ಅವನ ತಲೆ ಕಬ್ಬಿಣಕ್ಕೆ ಬಡಿಯುತ್ತಿತ್ತು. ಮೂರನೆಯ ಸಲ ಬಡಿದ ಮೇಲೆ ಫಿಟ್ಟರ್ ತಮ್ಮ ಪಾದವನ್ನು ಅವನ ತಲೆಯ ಕೆಳಗೆ ಒಡ್ಡಿದರು.

ಸಂಜೆ ಅಮ್ಮ ಡೊಂಬಿವಲಿಯಿಂದ ಠಾಣೆಯಲ್ಲಿ ಟ್ರೇನು ಬದಲಿಸಿಕೊಂಡು ಬಂದಳು. ನನ್ನ ಕೈಯ ಪ್ಲಾಸ್ಟರ್ ನೋಡಿ "ದಾನೆ ಆಂಡ್?" ಎಂದು ತುಳುವಿನಲ್ಲಿ ಕೇಳಿದಳು. ಏನಾಯಿತು ಎಂಬ ಆ ಪ್ರಶ್ನೆಗೆ ಬಿದ್ದೆ ಎಂದೆ. ಅಮ್ಮ ನನ್ನ ಮುಖ ನೋಡಿ, ಡಬ್ಬಿ ತೆಗೆದು ಗಂಜಿ ತಿನ್ನಿಸಿದಳು. ನಂಬಿದಳೆಂದು ಅನಿಸಲಿಲ್ಲ.

ನಾಲ್ಕನೆಯ ದಿನ ಮಾಲೀಕ ವಾಗ್ಳೆಯ ಆಫೀಸಿಗೆ ಕರೆಸಿದ. ಎರಡು ಕಾಗದ ಟೈಪಾಗಿದ್ದವು. ಒಂದು, ಬೋಲ್ಟು ಸಡಿಲವಿತ್ತು ಎನ್ನುವ ವರದಿ. ಇನ್ನೊಂದು, ಗಣಿಯಿಂದ ಬಂದವನು ಕಾರಣವಿಲ್ಲದೆ ಕೊಲ್ಲಲು ಬಂದ ಎಂದು ಪೊಲೀಸರಿಗೆ ನನ್ನ ಸಾಕ್ಷಿ. ಎಡಗೈಯಲ್ಲಿ ಸಹಿ ಮಾಡಿದರೂ ನಡೆಯುತ್ತದೆ ಎಂದ. ಅಣ್ಣ ಆಗ ಪೊಲೀಸರ ಕಾವಲಲ್ಲಿ, ಮುರಿದ ಪಕ್ಕೆಲುಬುಗಳೊಂದಿಗೆ ಅದೇ ಆಸ್ಪತ್ರೆಯಲ್ಲಿದ್ದ. ಅವನನ್ನು ಒದ್ದವರ ಮೇಲೆ ಯಾವ ಕೇಸೂ ಇರಲಿಲ್ಲ.

ನಾನು ಮಾಡುವುದಿಲ್ಲ ಎಂದೆ. ವೆಲ್ಡಿನ ವಿಷಯ ಗಣಿ ತನಿಖೆಯವರಿಗೆ ನಾನೇ ಬರೆಯುತ್ತೇನೆ, ನನ್ನ ತಪ್ಪನ್ನೂ ಸೇರಿಸಿ ಬರೆಯುತ್ತೇನೆ ಎಂದೆ. ಇಷ್ಟು ಹೇಳುವಾಗ ನನ್ನ ದನಿ ಗಟ್ಟಿಯಾಗೇನೂ ಇರಲಿಲ್ಲ. ಅವನು ಎದ್ದು ಮೇಜು ಸುತ್ತಿ ಬಂದು ನನ್ನ ಕೆನ್ನೆಗೆ ಹೊಡೆದ. ಗಾಜಿನ ಆಚೆ ಆಫೀಸಿನವರೆಲ್ಲ ಕೂತಿದ್ದರು. ಒಬ್ಬರೂ ಏಳಲಿಲ್ಲ. "ತೇರಾ ಭೀ ನಾಮ್ ಆಯೇಗಾ," ಎಂದ. ನಿನ್ನ ಹೆಸರೂ ಬರುತ್ತದೆ. ಎರಡನೆಯ ಸಲ ಕೈ ಎತ್ತಿದ.

ಮೇಜಿನ ಮೇಲೆ ಒಂದು ಅಡಿಯ ಉಕ್ಕಿನ ಸ್ಕೇಲಿತ್ತು, ನನ್ನದೇ. ಎಡಗೈಯಿಂದ ಎತ್ತಿ ಅದರ ಅಂಚಿನಿಂದ ಅವನ ಮುಖಕ್ಕೆ ಹೊಡೆದೆ. ಹುಬ್ಬಿನಿಂದ ಕೆನ್ನೆಯವರೆಗೆ ಗೆರೆ ಬಿತ್ತು, ಮೊದಲು ಬಿಳಿ, ಆಮೇಲೆ ಕೆಂಪು. ಅವನು ಕೂತ. ಮತ್ತೆ ಹೊಡೆದೆ. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಆ ಕೈಗಳ ಮೇಲೆ ಮೂರನೆಯ ಸಲ ಹೊಡೆದೆ. ಮೊದಲನೆಯದು ನನ್ನನ್ನು ಕಾಪಾಡಿಕೊಳ್ಳಲು ಎನ್ನಬಹುದು. ಮೂರನೆಯದು ಹಾಗಲ್ಲ. ಹೊಡೆಯಬೇಕು ಅನ್ನಿಸಿತು, ಹೊಡೆದೆ, ಹಿತವಾಯಿತು. ಆ ಹಿತ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಶೆಡ್ಡಿನಲ್ಲಿ ಬೂಟು ಬೀಸುತ್ತಿದ್ದವರ ಮುಖದಲ್ಲಿ ಕಂಡದ್ದು ಅದೇ ಇರಬೇಕು.

ಸ್ಕೇಲು ಒರೆಸಿ ಬ್ಯಾಗಿನಲ್ಲಿ ಹಾಕಿಕೊಂಡು ಹೊರಬಂದೆ. ಯಾರೂ ತಡೆಯಲಿಲ್ಲ. ಅವನು ದೂರನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಜಗಳದ ಕಾರಣ ಬರೆಯಬೇಕಾಗುತ್ತಿತ್ತು.

ಅಲ್ಲಿಂದ ನೇರ ನೆರೂಳಿಗೆ ಹೋದೆ. ಫಿಟ್ಟರರ ದವಡೆಗೆ ತಂತಿ ಕಟ್ಟಿದ್ದರು, ಬಾಯಿ ತೆರೆಯುವಂತಿರಲಿಲ್ಲ. ಅವರ ಹೆಂಡತಿ ಪಕ್ಕದಲ್ಲಿ ನಿಂತು ಸ್ಟ್ರಾದಲ್ಲಿ ಹಾಲು ಕುಡಿಸುತ್ತಿದ್ದರು. ನಾನು ಸ್ಟೂಲಿನ ಮೇಲೆ ಕೂತು ಹೇಳಿದೆ: ಆ ದಿನ ಫೋನಿನಲ್ಲಿ ಹೂಂ ಅಂದವಳು ನಾನು, ಅವನು ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಂತವಳೂ ನಾನು.

ಫಿಟ್ಟರ್ ಎಕ್ಸ್‌ರೇ ಲಕೋಟೆಯ ಹಿಂದೆ ಪೆನ್ಸಿಲಿನಿಂದ ಬರೆದರು: "ಗೊತ್ತೈತಿ. ಫೋನ್ ಮಾಡಿದಾಂವ ನಾನ." ಅದರ ಕೆಳಗೆ ಇನ್ನೊಂದು ಸಾಲು: "ಈಗ ಯಾಕ ಹೇಳಾಕತ್ತೀರಿ?"

ಅವರ ಹೆಂಡತಿ ಲಕೋಟೆ ಓದಿದರು. ಓದಿ, ಹಾಲಿನ ಲೋಟವನ್ನು ಜೋಪಾನವಾಗಿ ಕಪಾಟಿನ ಮೇಲಿಟ್ಟರು. ಆಮೇಲೆ ನನ್ನ ಜಡೆ ಹಿಡಿದು ಸ್ಟೂಲಿನಿಂದ ಎಳೆದು ಹಣೆಯನ್ನು ಮಂಚದ ಕಂಬಿಗೆ ಚಚ್ಚಿದರು. "ಬಾಯಿ ಇದ್ದಿಲ್ಲೇನು ನಿನಗ? ಇವ್ರ ಬಾಯಿ ಮುರದ ಮ್ಯಾಲ ನಿಂದು ಬಂತೇನು?" ಎಂದರು. ಎರಡು ಸಲ ಚಚ್ಚಿದರು. ನಾನು ಬಿಡಿಸಿಕೊಳ್ಳಲಿಲ್ಲ. ಫಿಟ್ಟರ್ ಗಂಟಲಿನಿಂದ ಏನೋ ಸದ್ದು ಮಾಡುತ್ತ ಮಂಚಕ್ಕೆ ಕೈ ಬಡಿಯುತ್ತಿದ್ದರು. ನರ್ಸುಗಳು ಬಂದು ನಮ್ಮನ್ನು ಬೇರೆ ಮಾಡಿದರು. ಹಣೆಗೆ ಅಲ್ಲೇ ಮೂರು ಹೊಲಿಗೆ ಹಾಕಿದರು.

ಆ ವಾರವೇ ಗಣಿ ಸುರಕ್ಷತೆಯ ತನಿಖಾಧಿಕಾರಿಗಳಿಗೆ ಎಲ್ಲವನ್ನೂ ಬರೆದು ಕಳಿಸಿದೆ. ನಕ್ಷೆ, ವೆಲ್ಡಿನ ಫೋಟೋ, ಪರೀಕ್ಷೆಯ ಲೆಕ್ಕ, ಲೋಕಲ್ ಟ್ರೇನಿನ ಫೋನು. ಎಡಗೈಯಲ್ಲಿ ಟೈಪು ಮಾಡಿದ್ದರಿಂದ ಎರಡು ದಿನ ಹಿಡಿಯಿತು. ಸತ್ತವನು ಬೋಲ್ಟುಗಳನ್ನು ಸರಿಯಾಗಿಯೇ ಬಿಗಿದಿದ್ದ ಎಂಬುದನ್ನು ಬೇರೆ ಪುಟದಲ್ಲಿ, ಅಳತೆಗಳ ಸಮೇತ ಬರೆದೆ. ಅವರು ಮೂರು ಸಲ ಕರೆಸಿ ಕೇಳಿದರು. ಕಂಪನಿಯಿಂದ ಕಮಾನು ಕೊಳ್ಳುವುದು ನಿಂತಿತು. ಬೇರೆ ಗಣಿಗಳಿಗೆ ಹೋಗಿದ್ದ ವೆಲ್ಡಿನ ಕಮಾನುಗಳನ್ನು ಬಿಚ್ಚಿಸಿದರು. ಮಾಲೀಕ ವಾಗ್ಳೆಯ ಆಫೀಸು ಮುಚ್ಚಿದ. ಈಗ ಬೇರೆ ಹೆಸರಿನಲ್ಲಿ ಬೇರೇನೋ ಮಾಡುತ್ತಾನೆ ಎಂದು ಕೇಳಿದ್ದೇನೆ. ಕೇಸು ಇನ್ನೂ ನಡೆಯುತ್ತಿದೆ, ಅದರಲ್ಲಿ ನನ್ನ ಹೆಸರೂ ಇದೆ. ಇರಬೇಕಾದದ್ದೇ.

ಪೊಲೀಸರು ಫಿಟ್ಟರರ ಹೇಳಿಕೆಗಾಗಿ ಹಲವು ಸಲ ಬಂದರಂತೆ. ಯಾರು ಹೊಡೆದರೋ ಕಾಣಲಿಲ್ಲ, ಸಿಡಿದಾಗ ಹೊಗೆ ಇತ್ತು ಎಂದು ಪ್ರತಿ ಸಲವೂ ಬರೆದುಕೊಟ್ಟರು. ನಾನು ಮಾತ್ರ ಕಂಡದ್ದನ್ನು ಹೇಳಿದೆ: ಅವನು ಹೊಡೆದದ್ದು, ಅವನನ್ನು ಹೊಡೆದದ್ದು, ಎರಡನ್ನೂ. ಎರಡನೆಯದನ್ನು ಅವರು ಬರೆದುಕೊಳ್ಳಲಿಲ್ಲ. ಅಣ್ಣನಿಗೆ ಜಾಮೀನು ಸಿಗಲು ಏಳು ತಿಂಗಳು ಹಿಡಿಯಿತು.

ಅವನು ತಳೋಜಾ ಜೈಲಿನಿಂದ ಹೊರಬರುವ ದಿನ ಫಿಟ್ಟರ್ ನನಗೆ ಫೋನು ಮಾಡಿ, ಬರ್ತೀರೇನ್ರೀ ಎಂದು ಕೇಳಿದರು. ಅವರ ಮಾತು ಈಗ ಸ್ಪಷ್ಟವಿಲ್ಲ. ಕಲ್ಯಾಣದಲ್ಲಿ ಕಿಟಕಿ ಗ್ರಿಲ್ಲು ಮಾಡುವ ಒಂದು ಅಂಗಡಿ ಹಾಕಿದ್ದರು. ಜೈಲಿನ ಗೇಟಿನಲ್ಲಿ ನಮ್ಮಿಬ್ಬರನ್ನು ನೋಡಿ ಅಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಹೊಡೆಯಲು ಬಂದಿದ್ದೇವೆ ಎಂದುಕೊಂಡನಂತೆ. ಅವನ ಊರಿನ ಕಡೆ ಹೋಗುವ ಟ್ರೇನು ಕಲ್ಯಾಣದಲ್ಲಿ ಸಿಗುತ್ತದೆ. ಮೂವರೂ ರಿಕ್ಷಾದಲ್ಲಿ ಕೂತು ಕಲ್ಯಾಣಕ್ಕೆ ಬಂದೆವು.

ಟ್ರೇನಿಗೆ ಹೊತ್ತಿತ್ತು. ಅಪ್ಪ ಇದ್ದ ಹೋಟೆಲಿಗೆ ಕರೆದುಕೊಂಡು ಹೋದೆ. ಅಪ್ಪ ತೀರಿಹೋಗಿ ಬಹಳ ವರ್ಷವಾಗಿದ್ದರೂ ಅಲ್ಲಿನವರಿಗೆ ನನ್ನ ಗುರುತಿದೆ, ಮೂಲೆಯ ಮೇಜು ಕೊಟ್ಟರು. ಫಿಟ್ಟರ್ ಇಡ್ಲಿಯನ್ನು ಸಾಂಬಾರಿನಲ್ಲಿ ಕಿವುಚಿ ಚಮಚದಿಂದ ನುಂಗಿದರು. ಅಣ್ಣ ತಲೆ ಎತ್ತದೆ ತಿಂದ. ತಿಂದು ಮುಗಿಸಿ, ಬಾಯಿ ಎಷ್ಟು ತೆರೆಯುತ್ತದೆ ಎಂದು ಫಿಟ್ಟರನ್ನು ಕೇಳಿದ. ಅವರು ತೆರೆದು ತೋರಿಸಿದರು. ಎರಡು ಬೆರಳು ತೂರುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಅಣ್ಣ ಬಗ್ಗಿ ನೋಡಿದ, ತಲೆಯಾಡಿಸಿದ.

ಆಗ ನಾನು ಅವನಿಗೂ ಹೇಳಿದೆ. ವೆಲ್ಡ್ ಹೊಡೆಯಲು ಒಪ್ಪಿಗೆ ಕೊಟ್ಟದ್ದು ನಾನು, ನೀನು ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ, ಹೇಳಲಿಲ್ಲ. ನನ್ನ ಹಿಂದಿ ತಡವರಿಸುತ್ತಿತ್ತು. ಅವನ ಕೈಯಲ್ಲಿ ನೀರಿನ ಸ್ಟೀಲು ಲೋಟವಿತ್ತು. ಅವನು ಅದನ್ನು ಮೇಜಿನ ಮೇಲೆ ಎಷ್ಟು ಜೋರಾಗಿ ಕುಕ್ಕಿದನೆಂದರೆ ನೀರು ಮೂವರ ಮುಖಕ್ಕೂ ಹಾರಿತು. ಸುತ್ತಲಿನವರು ತಿರುಗಿದರು. ಮಾಣಿ ಎರಡು ಹೆಜ್ಜೆ ಈಚೆ ಬಂದು ನಿಂತ.

"ಉಸ್ ದಿನ್ ಬೋಲ್ತೀ ತೋ ಆಪ್‌ಕೋ ಮಾರ್ತಾ," ಎಂದ. ಆ ದಿನ ಹೇಳಿದ್ದರೆ ನಿಮ್ಮನ್ನು ಹೊಡೆಯುತ್ತಿದ್ದೆ.

ಗೊತ್ತು ಎಂದೆ.

ಅವನು ನನ್ನ ತೋಳು, ಕುತ್ತಿಗೆ ನೋಡಿದ. ಕಟ್ಟಿಗೆ ಎಷ್ಟು ಭಾರ ತಡೆದೀತೆಂದು ಅಳೆಯುವವನ ಹಾಗೆ. "ಆಪ್ ಮರ್ ಜಾತೀ," ಎಂದ. ನೀವು ಸತ್ತೇ ಹೋಗುತ್ತಿದ್ದಿರಿ. ಅದರಲ್ಲಿ ಕರುಣೆ ಇತ್ತೋ, ಬೆದರಿಕೆ ಇತ್ತೋ, ಬರೀ ಲೆಕ್ಕವೇ ಇತ್ತೋ ನನಗೆ ತಿಳಿಯಲಿಲ್ಲ. ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ. ನಾವೂ ಕೇಳಲಿಲ್ಲ. ಮುಂದೆ ಎಂದಾದರೂ ನಮ್ಮ ಗಣಿಯ ಕಡೆ ಬಂದರೆ ನನ್ನ ಕಣ್ಣಿಗೆ ಬೀಳಬೇಡಿ ಎಂದಷ್ಟೇ ಹೇಳಿ ಎದ್ದ.

ಚೀಲ ಎತ್ತಿಕೊಳ್ಳಲು ಬಗ್ಗಿದಾಗ ಪಕ್ಕೆ ಹಿಡಿದುಕೊಂಡ. ಫಿಟ್ಟರ್ ಚೀಲ ಎತ್ತಿಕೊಂಡು ಅವನ ಹಿಂದೆ ಸ್ಟೇಷನ್ನಿನ ಮೆಟ್ಟಿಲು ಹತ್ತಿದರು. ನಾನು ಹೋಗಲಿಲ್ಲ. ಮೇಜಿನ ನೀರನ್ನು ಮಾಣಿ ಒರೆಸುವುದನ್ನು ನೋಡುತ್ತ ಕೂತೆ. ಅರ್ಧ ಗಂಟೆಯ ನಂತರ ಫಿಟ್ಟರ್ ಬೆವರಿ ವಾಪಸ್ ಬಂದರು. ಜನರಲ್ ಡಬ್ಬಿ ತುಂಬಿತ್ತಂತೆ, ಹತ್ತಲು ಬಿಡಲಿಲ್ಲವಂತೆ. ಇವರು ಹಿಂದಿನಿಂದ ದೂಡಿದ ಮೇಲೆ ಅವನು ಹೇಗೋ ಒಳಗೆ ನುಗ್ಗಿದನಂತೆ.

"ಕುಂಡ್ರಾಕ ಜಾಗ ಸಿಗಲಿಲ್ರೀ," ಎಂದರು. "ಬಾಗಲದಾಗ ನಿಂತಕೊಂಡು ಹೋದ."